ಟ್ರಯಲ್ ರೂಮಿನ ಹೊರಗಿನ ಬೆಂಚು

ಕೌಲಾಲಂಪುರಕ್ಕೆ ಹೋದಾಗ ಬಸ್ಸಿನ ಕಿಟಕಿಯಿಂದ ನನಗೆ ಕಂಡ ಮೊದಲ ಸಂತೋಷ ಒಂದು ಬಟ್ಟೆ ಅಂಗಡಿಯ ಹೆಸರು. ಹುಬ್ಬಳ್ಳಿಯ ಮಾಲಿನಲ್ಲಿರುವ ಅದೇ ಅಂಗಡಿ, ಅದೇ ಅಕ್ಷರ, ಅದೇ ಬಣ್ಣ. ಮುಗಿಲೆತ್ತರದ ಗೋಪುರಗಳನ್ನು ತೋರಿಸುತ್ತ ಗೈಡು ಎಡಕ್ಕೆ ನೋಡಿ ಎನ್ನುತ್ತಿದ್ದಾಗ ನಾನು ಬಲಕ್ಕೆ ನೋಡಿ ಒಬ್ಬಳೇ ನಕ್ಕೆ. ಪಕ್ಕದಲ್ಲಿದ್ದ ಅತ್ತೆಗೆ ಹೇಳಲಿಲ್ಲ. ಸಮುದ್ರ ದಾಟಿ ಬಂದು ಹುಬ್ಬಳ್ಳಿಯನ್ನು ಗುರುತಿಸಿ ಹಿಗ್ಗುವುದು ಹೇಳಿಕೊಳ್ಳುವಂಥ ಸಂಗತಿಯಲ್ಲ.

ರಾಣೆಬೆನ್ನೂರಿನಲ್ಲಿ ನಮ್ಮದು ಬಿತ್ತನೆ ಬೀಜದ ಅಂಗಡಿ. ಚೆನ್ನಾಗಿ ಮಾರಿದ ವ್ಯಾಪಾರಿಗಳನ್ನು ಕಂಪನಿಯವರು ಜೋಡಿಯಾಗಿ ಪರದೇಶ ಸುತ್ತಿಸುವುದುಂಟು. ನನ್ನ ಗಂಡನಿಗೆ ವಿಮಾನವೆಂದರೆ ಆಗದು. ಅವರ ಬದಲು ಅವರ ತಾಯಿ ಹೊರಟರು. ಹಾವೇರಿ ಕಡೆಯ ವ್ಯಾಪಾರಿಗಳೆಲ್ಲ ಗಂಡ ಹೆಂಡತಿ ಬಂದಿದ್ದರೆ ನಾವು ಮಾತ್ರ ಅತ್ತೆ ಸೊಸೆ. ವರ್ಷಗಟ್ಟಲೆ ಒಂದೇ ಸೂರಿನಡಿ ಬಾಳಿದವರು ಒಂದು ಹೋಟೆಲ್ ಕೋಣೆಯಲ್ಲಿ ಮಾತಿಗೆ ಹೇಗೆ ತಡಕಾಡುತ್ತಾರೆ ಎಂಬುದು ನನಗೆ ಅಲ್ಲಿ ತಿಳಿಯಿತು. ಮನೆಯಲ್ಲಾದರೆ ಹಾಲು ಬಂತೇ, ಗ್ಯಾಸ್ ಮುಗಿಯಿತೇ ಎಂದಾದರೂ ಕೇಳಬಹುದು. ಅಲ್ಲಿ ಹಾಲೂ ಇಲ್ಲ, ಗ್ಯಾಸೂ ಇಲ್ಲ.

ಹೊರಡುವ ಮೊದಲು ನಾನು ದೊಡ್ಡ ಮಾತಾಡಿದ್ದೆ. "ಮಾಲ್ ಗೀಲ್ ಬ್ಯಾಡ ಅತ್ತಿ, ಆ ಊರಿನ ಖರೇ ಜೀವನ ನೋಡೂಣು." ಅವರು "ನೋಡೂಣು" ಎಂದಷ್ಟೇ ಅಂದಿದ್ದರು. ಅಲ್ಲಿಗೆ ಮುಟ್ಟಿದ ಮರುದಿನ ಮಧ್ಯಾಹ್ನ ಗೈಡು ನಮ್ಮನ್ನು ನಾಲ್ಕು ದಾರಿ ಕೂಡುವಲ್ಲಿ ಇಳಿಸಿ, ಸಂಜೆಯವರೆಗೆ ತಿರುಗಾಡಿ ಬನ್ನಿ ಎಂದ. ಹಳೆಯ ಪೇಟೆ ಒಂದು ಕಡೆ, ಬಸ್ಸಿನಿಂದ ಕಂಡ ಆ ಬಟ್ಟೆ ಅಂಗಡಿಯಿದ್ದ ಮಾಲ್ ಇನ್ನೊಂದು ಕಡೆ. ಮಾಲಿಗೇ ಹೋದೆವು. ಸೆಕೆ ವಿಪರೀತ ಇತ್ತು. ನನ್ನ ಸಮಜಾಯಿಷಿ ಅಷ್ಟೇ.

ಪರಿಚಿತ ಅಂಗಡಿಯ ಸುಖದ ಬಗ್ಗೆ ನಾನು ಆಮೇಲೆ ಯೋಚಿಸಿದ್ದೇನೆ. ಹಿಂದಿನ ಕಾಲದ ವರ್ತಕರು ಎತ್ತುಗಳ ಮೇಲೆ ಸರಕು ಹೇರಿಕೊಂಡು ದೂರದೂರ ಹೋದಾಗ ಮೊದಲು ತಮ್ಮವರ ಛತ್ರ ಎಲ್ಲಿದೆ ಎಂದು ವಿಚಾರಿಸುತ್ತಿದ್ದರಂತೆ. ಅಲ್ಲಿ ಊಟ ಯಾವ ಹೊತ್ತಿಗೆ, ಚಪ್ಪಲಿ ಎಲ್ಲಿ ಬಿಡಬೇಕು ಎಂದು ಕೇಳಬೇಕಾಗಿರಲಿಲ್ಲ. ನಮಗೆ ಈಗ ಛತ್ರಗಳಿಲ್ಲ. ಮಕ್ಕಳ ಅಂಗಿ ಎಲ್ಲಿ, ರಿಯಾಯಿತಿಯ ರಾಶಿ ಯಾವ ಮೂಲೆಯಲ್ಲಿ ಎಂದು ಕೇಳದೆ ನಡೆಯಬಹುದಾದ ಅಂಗಡಿಗಳಿವೆ. ಹೊರಗೆ ರಸ್ತೆ ದಾಟಲು ಹೆದರುವವಳು ಒಳಗೆ ಕಾಲಿಟ್ಟೊಡನೆ ಆ ಊರಿನವಳೇ ಆಗಿಬಿಡುತ್ತಾಳೆ.

ಆದರೂ ಮಾಲಿನೊಳಗೆ ನೇರ ಆ ಅಂಗಡಿಗೆ ಹೋಗಲು ಸಂಕೋಚವಾಯಿತು. ಮೊದಲು ಮೇಲಿನ ಮಹಡಿ ನೋಡೋಣವೆಂದೆ. ಅತ್ತೆ ಚಲಿಸುವ ಮೆಟ್ಟಿಲು ಹತ್ತುವವರಲ್ಲ, ಹಾಗಾಗಿ ಲಿಫ್ಟಿಗೆ ನಿಂತೆವು. ಬಾಗಿಲು ತೆರೆಯಿತು, ಹಿಂದಿನ ಗುಂಪು ನನ್ನನ್ನು ಒಳಗೆ ದೂಡಿತು, ಬಾಗಿಲು ಮುಚ್ಚಿತು. ಅತ್ತೆ ಹೊರಗೇ ಉಳಿದರು. ಅವರ ಫೋನು ನನ್ನ ಚೀಲದಲ್ಲಿತ್ತು. ನಾನು ಕೆಳಗೆ ಇಳಿದು ಬರುವಷ್ಟರಲ್ಲಿ ಅವರು ನಿಂತಿದ್ದ ಜಾಗದಲ್ಲಿ ಯಾರೂ ಇರಲಿಲ್ಲ.

ಬಾಗಿಲ ಬಳಿ ಹುಡುಕಿದೆ, ಊಟದ ಕಡೆ ಹುಡುಕಿದೆ, ಶೌಚಾಲಯದ ಮುಂದೆ "ಅತ್ತೀ" ಎಂದು ಕೂಗಿದೆ. ಕಾವಲಿನವನು ಶಾಂತವಾಗಿ ಇಂಗ್ಲಿಷಿನಲ್ಲಿ, ಅವರು ಏನು ಉಟ್ಟಿದ್ದಾರೆ ಎಂದು ಕೇಳಿದ. ಸೀರೆ ಎಂದೆ. ಬಣ್ಣ ಯಾವುದು ಎಂದ. ನನಗೆ ನೆನಪಾಗಲಿಲ್ಲ. ಬೆಳಗಿನಿಂದ ಅವರ ಮಗ್ಗುಲಲ್ಲೇ ಕೂತಿದ್ದೆ, ಸೆರಗಿಗೆ ಪಿನ್ನು ಹಾಕಿದ್ದೂ ನಾನೇ. ಅವನು ಕಾಯುತ್ತ ನಿಂತ, ನಾನು ಆ ಬಣ್ಣಕ್ಕಾಗಿ ತಡಕಾಡುತ್ತ ನಿಂತೆ. ಕಳೆದುಹೋದವರು ಯಾರೆಂದು ಹೇಳಲೂ ಬಾರದವಳು ಹುಡುಕುವುದಾದರೂ ಹೇಗೆ?

ಎಲ್ಲ ಕಡೆ ನೋಡಿ ಕಡೆಗೆ, ಉಳಿದದ್ದು ಅದೊಂದೇ ಎಂದು, ಆ ಅಂಗಡಿಗೆ ಹೋದೆ. ಒಳಗಿನ ದಾರಿ ಕಾಲಿಗೇ ಗೊತ್ತಿತ್ತು. ಟ್ರಯಲ್ ರೂಮಿನ ಹೊರಗಿನ ಬೆಂಚಿನ ಮೇಲೆ ಅತ್ತೆ ಕೂತಿದ್ದರು. ಗಿಣಿಹಸಿರು ಸೀರೆ, ಕೆಂಪು ದಡಿ. ಪಕ್ಕದಲ್ಲಿ ತಲೆಗೆ ಬಟ್ಟೆ ಸುತ್ತಿಕೊಂಡ ಆ ಊರಿನ ಮುದುಕಿಯೊಬ್ಬರು ಮಡಿಲ ತುಂಬ ಚೀಲ ಇಟ್ಟುಕೊಂಡಿದ್ದರು. ಇಬ್ಬರೂ ಶುಂಠಿ ಪೆಪ್ಪರಮಿಂಟು ಚೀಪುತ್ತಿದ್ದರು.

"ಎಲ್ಲಿ ಹೋಗಿದ್ರಿ ಅತ್ತಿ? ನನ್ನ ಜೀವಾನ ಹೋಗಿತ್ತು."

"ನಾ ಎಲ್ಲಿ ಹೋಗೇನಿ? ಹೋದಾಕಿ ನೀನು. ಇಲ್ಲಿ ಕುಂತ್ರ ನೀ ಬಂದ ಬರ್ತಿ ಅಂತ ಕುಂತೆ."

"ಇಲ್ಲಿಗೇ ಬರ್ತೇನಿ ಅಂತ ಹ್ಯಾಂಗ ಗೊತ್ತಾತು?"

"ಹುಬ್ಬಳ್ಳ್ಯಾಗ ಏನ ಕೆಲಸಾ ಇರ್ಲಿ, ಕಡೀಕ ನೀ ಬರೂದು ಇದ ಅಂಗಡಿಗೆ, ನಾ ಚೀಲಾ ಹಿಡದು ಕೂಡೂದು ಇಂಥಾದ ಬೆಂಚಿನ ಮ್ಯಾಲೆ. ನಿನ್ನೆ ಬಸ್ಸಿನ್ಯಾಗ ಹೆಸರು ನೋಡಿ ನಕ್ಕಿದ್ದೂ ನೋಡೇನಿ."

ನಾನು ಅವರ ಸೀರೆಯನ್ನು ನೋಡಿರಲಿಲ್ಲ. ಅವರು ನನ್ನ ನಗುವನ್ನೂ ಬಿಟ್ಟಿರಲಿಲ್ಲ. ಬೆಂಚಿನ ತುದಿಯಲ್ಲಿ ಕೂತು, ಭಾಷೆ ಬಾರದೆ ಆ ಮುದುಕಿಯೊಂದಿಗೆ ಏನು ಮಾತಾಡಿದಿರಿ ಎಂದು ಕೇಳಿದೆ.

"ಆಕಿ ಸೊಸಿ ಒಳಗದಾಳ. ಆಕಿ ಆ ಬಾಗಲಾ ನೋಡಿ ಉಸರು ಬಿಟ್ಲು. ನಾನೂ ಬಿಟ್ಟೆ. ಮಾತು ಅಷ್ಟ."

ಊರಿಗೆ ಮರಳಿದ ಮೇಲೆ ಬ್ಯಾಡಗಿಗೆ, ಅತ್ತೆಯ ತವರಿಗೆ ಹೋಗಿದ್ದೆವು. ಅವರ ತಮ್ಮನ ಹೆಂಡತಿ ಮತ್ತು ಓಣಿಯ ಹೆಣ್ಣುಮಕ್ಕಳು ಪಡಸಾಲೆಯಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು. ಪರದೇಶದಿಂದ ಬಂದವರಿಗೂ ಎರಡು ಸೀನು ತಪ್ಪಲಿಲ್ಲ. ಬೆಂಚಿನ ಕಥೆಯನ್ನೆಲ್ಲ ಕೇಳಿಯಾದ ಮೇಲೆ ತಮ್ಮನ ಹೆಂಡತಿ ಅತ್ತೆಯನ್ನು ಕೇಳಿದರು: "ಮತ್ತ ಕರದ್ರ ಹೋಗ್ತೀರೇನ್ರಿ ವೈನಿ?"

ಅತ್ತೆ ತೊಟ್ಟು ಮುರಿಯುತ್ತಲೇ ಹೇಳಿದರು: "ಹೋಗ್ತೇನಿ. ಆದ್ರ ಬೆಂಚಿನ ಮ್ಯಾಲೆ ಕುಂತದ್ದು ಸಾಕಾತು. ಆ ಬಾಗಲದ ಒಳಗ ಏನೈತಿ ಅಂತ ನಾನೂ ಒಮ್ಮೆ ನೋಡಾಕಿ."

ಪಡಸಾಲೆಯವರೆಲ್ಲ ನಕ್ಕರು. ಅತ್ತೆ ನಗಲಿಲ್ಲ. ಅದಕ್ಕೆ ಪರದೇಶವೇ ಯಾಕೆ, ಬರುವ ರವಿವಾರ ಹುಬ್ಬಳ್ಳಿಗೆ ಹೋಗೋಣವೆಂದು ನಾನು ಅಲ್ಲಿಯೇ ಹೇಳಿದೆ. ಚೀಲ ಹಿಡಿದು ಹೊರಗೆ ಯಾರು ಕೂರುವುದು ಎಂದು ಇಬ್ಬರೂ ಕೇಳಲಿಲ್ಲ.