ಹೊಳ್ಳ್ರಿ ಅಂದಾಗ ಹೊಳ್ಳಿದ ದೊಡ್ಡವ್ವ

ಹೋದ ವಾರ ಹಾವೇರಿಯ ಈ ಮನೆಯಲ್ಲಿ ಹಳೆಯ ಟ್ರಂಕ್ ತೆರೆದೆ. ಡಾಂಬರ ಗುಳಿಗೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಬ್ಯಾಡಗಿಯ ನಮ್ಮ ಚರ್ಚಿನ ಮುಂದಿನ ಬೆಂಚು ಕಣ್ಣಿಗೆ ಕಟ್ಟಿತು. ಬಾಜೂಮನೆಯ ದೊಡ್ಡವ್ವ ಕ್ರಿಸ್‌ಮಸ್ಸಿಗೆ ಮಾತ್ರ ಉಡುತ್ತಿದ್ದ ಇಳಕಲ್ ಸೀರೆಗೆ ಇದೇ ವಾಸನೆ. ಮೊದಲ ಹಾಡು ಮುಗಿಯುವುದರೊಳಗೆ ಅಕ್ಕಪಕ್ಕದವರಿಗೆಲ್ಲ ಸೀನು...

ಆಕೆ ನನಗೆ ರಕ್ತಸಂಬಂಧಿಯಲ್ಲ. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಓದಿ, ಮದುವೆಯಾಗಿ ಬ್ಯಾಡಗಿಗೆ ಬಂದ ನನಗೆ ರೊಟ್ಟಿ ಬಡಿಯಲು ಕಲಿಸಿದವಳು. ಎಲ್ಲರೊಡನೆ ನಗುನಗುತ್ತ ಇರುವವಳು ಒಬ್ಬನೇ ಮಗನ ಸುದ್ದಿ ತೆಗೆದರೆ ಮುಖ ಗಂಟಿಕ್ಕುತ್ತಿದ್ದಳು. ಆತ ಅವ್ವನನ್ನು ಕೇಳದೆ ಕುಪ್ಪೇಲೂರಿನ ಹುಡುಗಿಯನ್ನು ಮದುವೆಯಾಗಿ ರಾಣೆಬೆನ್ನೂರಿನಲ್ಲಿ ಮನೆ ಮಾಡಿದ್ದ. ಪ್ರತಿ ಕ್ರಿಸ್‌ಮಸ್ಸಿಗೆ ಗಂಡ ಹೆಂಡತಿ ಬಂದು ಕೊನೆಯ ಬೆಂಚಿನಲ್ಲಿ ಕೂಡುತ್ತಿದ್ದರು, ಅವ್ವ ಒಮ್ಮೆಯಾದರೂ ನೋಡಲಿ ಎಂದು. ಆಕೆ ಮಾತ್ರ ಪ್ರೇಯರ್ ಮುಗಿದೊಡನೆ ಬಾಜೂ ಬಾಗಿಲಿನಿಂದ ಹೊರಬೀಳುವಳು.

"ಹಿಂದ ಮಗ ಕುಂತಾನ್ರಿ ದೊಡ್ಡವ್ವಾ," ಅಂದರೆ, "ನನ್ನ ಹಿಂದ ಯಾರೂ ಇಲ್ಲವಾ," ಅನ್ನುವಳು.

ಆ ವರ್ಷ ಮಂಗಳೂರು ಕಡೆಯ ಹೊಸ ಪಾಸ್ಟರ್ ಬಂದಿದ್ದರು. ಅವರ ಪುಸ್ತಕದ ಕನ್ನಡ ನಮ್ಮ ಮಂದಿಯ ತಲೆಗೆ ಹತ್ತುತ್ತಿರಲಿಲ್ಲ. ತಿರುಗಿಕೊಳ್ಳಿರಿ ಅನ್ನುವುದಕ್ಕೆ ನಿಮ್ಮಲ್ಲಿ ಏನು ಹೇಳುತ್ತಾರೆ ಎಂದು ನನ್ನನ್ನೇ ಕೇಳಿದ್ದರು. ಹೊಳ್ಳ್ರಿ ಅಂತಾರೆ ಎಂದೆ. ಕ್ರಿಸ್‌ಮಸ್ ದಿನ ಸರ್ಮನ್ನಿನ ನಡುವೆ ಮೇಜು ಗುದ್ದಿ ಕೂಗಿದರು: "ಹಳೇ ಸಿಟ್ಟು ಬಿಟ್ಟವರಿಗೆ ದೇವರು ಹೊಸ ಜೀವನ ಕೊಡ್ತಾನೆ. ತಡ ಯಾಕೆ? ಈಗಲೇ ಹೊಳ್ಳ್ರಿ!"

ದೊಡ್ಡವ್ವನಿಗೆ ಕಿವಿ ತುಸು ಮಂದ. ಕೊನೆಯ ಶಬ್ದವಷ್ಟೇ ಕೇಳಿಸಿರಬೇಕು. ಹಿಂದೆ ಏನೋ ಆಗಿದೆ ಅಂದುಕೊಂಡು, ಮೊಣಕಾಲು ಹಿಡಿದು ಎದ್ದು, ಪೂರ್ತಿ ಹೊಳ್ಳಿ ನಿಂತಳು. ಚರ್ಚಿಗೆ ಚರ್ಚೇ ಕಿಸಕ್ಕೆಂದಿತು.

ಆಕೆ ನಗಲಿಲ್ಲ. ಕೊನೆಯ ಬೆಂಚಿನಲ್ಲಿ, ಸೊಸೆಯ ತೊಡೆಯ ಮೇಲೆ, ಆಕೆ ಇನ್ನೂ ಕಂಡಿರದ ಕೂಸು... ಎಷ್ಟು ಹೊತ್ತು ನೋಡಿದಳೋ. ಆಮೇಲೆ ನಿಂತಲ್ಲಿಂದಲೇ ಬೈದಳು:

"ಏ ಹುಡುಗಿ, ಕೂಸಿನ ತಲಿಗೆ ಕುಂಚಿಗಿ ಎಲ್ಲೈತಿ? ಥಂಡಿ ಹತ್ತೂದಿಲ್ಲೇನ ಅದಕ್ಕ?"

"ಮರ್ತ ಬಂದೇನ್ರಿ ಅತ್ತಿ," ಸೊಸೆ ಅಳುತ್ತಿದ್ದಳು.

"ಮರೀತಿ, ಮರೀತಿ. ತಾ ಇಲ್ಲೆ."

ಇಳಕಲ್ ಸೆರಗಿನಲ್ಲಿ ಕೂಸಿನ ತಲೆ ಸುತ್ತಿಕೊಂಡು ಕೂತಳು. ಕೂಸೂ ಸೀನಿತು.

ಮರುದಿನ ನಾನು ಕಾಡಿಸಿದೆ. "ದೊಡ್ಡವ್ವಾ, ಪಾಸ್ಟರು ಮನಸ್ಸು ಹೊಳ್ಳಿಸ್ರಿ ಅಂದ್ರ ನೀವು ಮೈ ಹೊಳ್ಳಿಸಿದ್ರಲ್ಲ!"

"ನನ್ನ ಮನಸ್ಸು ಯಾವಾಗ ನನ್ನ ಮಾತು ಕೇಳೇತಿ? ಮೈ ಹೊಳ್ಳಿತು, ಅದು ಬೈಕೋತ ಬೆನ್ನ ಹತ್ತಿ ಬಂತು."

ಕಾನ್ವೆಂಟಿನಲ್ಲಿ ಸಿಸ್ಟರ್ ನಮ್ಮಿಂದ 'ಚೇಂಜ್ ಆಫ್ ಹಾರ್ಟ್' ಎಂದು ನೀಟಾಗಿ ಬರೆಸುತ್ತಿದ್ದರು. ಅದು ಚರ್ಚಿನ ನಡುವೆ ಕುಂಚಿಗಿ ಕೇಳುತ್ತ ಬರುತ್ತದೆಂದು ಯಾರೂ ಹೇಳಿರಲಿಲ್ಲ.

ಅಲ್ಲಿಂದ ಮುಂದೆ ಶನಿವಾರ ಬಂದರೆ ದೊಡ್ಡವ್ವ ರಾಣೆಬೆನ್ನೂರು ಬಸ್ಸಿನ ದಾರಿ ಕಾಯುವಳು. ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡೇ ಒಲೆ ಮುಂದೆ ಕೂಡುವಳು. ಮಗ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದರೆ ಕಣ್ಣು ಮುಚ್ಚಿಕೊಂಡು ಸ್ತೋತ್ರ, ಸ್ತೋತ್ರ ಅನ್ನುವಳು. ಆದರೆ ಕೂಸು ಸರಿಯಾಗಿ ಮಾತು ಕಲಿಯುವಷ್ಟರಲ್ಲಿ ಆಕೆ ಹಾಸಿಗೆ ಹಿಡಿದಳು. "ಇನ್ನೊಂದೀಟು ಲಗೂ ಹೊಳ್ಳಬೇಕಿತ್ತವಾ..." ಅಂದಳು ನನಗೆ.

ಆ ಕೂಸು ಈಗ ಎರಡು ಮಕ್ಕಳ ತಾಯಿ. ಟ್ರಂಕ್ ತೆರೆದ ಸಂಜೆ ನಾನೇ ಫೋನ್ ಮಾಡಿದೆ. ಮಾತಿನ ನಡುವೆ ಕೇಳಿದಳು: "ಆಂಟಿ, ನಮ್ಮ ಅಜ್ಜಿ ದನಿ ಹೆಂಗಿತ್ರಿ? ಮುಖ ಫೋಟೋದಾಗ ಐತಿ. ದನಿ ಎಷ್ಟು ನೆನಸಿದ್ರೂ ಬರವಲ್ದು. ಕೇಳಾಕ ಈಗ ಅಪ್ಪ ಅವ್ವನೂ ಇಲ್ಲ."

ಆಕೆಯ ಹಾಗೆ ಬೈದು ತೋರಿಸಲು ಹೋದೆ. ಗಂಟಲು ಸರಿಮಾಡಿಕೊಂಡೆ. ಬಂದದ್ದು ನನ್ನದೇ ಪ್ರಾಪರ್ ಕಾನ್ವೆಂಟ್ ದನಿ.

"ಹಿಂಗಲ್ಲವಾ, ಹಿಂಗಲ್ಲ..." ಅಂದೆ.

"ಇರ್ಲಿ ಬಿಡ್ರಿ ಆಂಟಿ," ಅಂದಳು.

ನನ್ನ ಕಿವಿಯಲ್ಲಿ ದೊಡ್ಡವ್ವನ ದನಿ ಇನ್ನೂ ಸ್ಪಷ್ಟವಾಗಿದೆ. ನಾನು ಹೋದ ಮೇಲೆ ಅದು ಎಲ್ಲಿಯೂ ಇರುವುದಿಲ್ಲ.