ಬಸ್ಸಾರಿನ ನೀರು

ಬಸ್ಸಾರು ಮಾಡುವವರ ಮನೆಯಲ್ಲಿ ಸೊಪ್ಪು ಬೇಯಿಸಿದ ನೀರನ್ನು ಚೆಲ್ಲುವುದಿಲ್ಲ. ಸೊಪ್ಪು, ಬೇಳೆ ಬೆಂದ ಮೇಲೆ ಬಸಿದು, ಸೊಪ್ಪನ್ನು ಪಲ್ಯಕ್ಕೆ ಎತ್ತಿಟ್ಟು, ಆ ನೀರಿಗೆ ಖಾರ ರುಬ್ಬಿ ಹಾಕಿದರೆ ಅದೇ ಸಾರು. ಜರ್ಮನಿಗೆ ಬಂದು ನಲವತ್ತು ವರ್ಷವಾದರೂ ನನ್ನ ಹೆಂಡತಿ ಈ ಪದ್ಧತಿ ಬಿಟ್ಟಿಲ್ಲ. ನನ್ನ ತಪ್ಪು ಶುರುವಾಗುವುದೂ ಆ ನೀರಿನಿಂದಲೇ.

ಚೆರ್ನೋಬಿಲ್ ಸ್ಫೋಟವಾದ ವರ್ಷ ನಾವು ಯೇನಾದಲ್ಲಿದ್ದೆವು. ಆಗಿನ್ನೂ ಅದು ಪೂರ್ವ ಜರ್ಮನಿ. ನಾನು ಮಸೂರಗಳ ಮೇಲೆ ಸಂಶೋಧನೆ ಮಾಡುತ್ತಿದ್ದೆ, ಮಗಳಿಗೆ ನಾಲ್ಕು ವರ್ಷ. ಚಳಿಗಾಲವೆಲ್ಲ ಅಂಗಡಿಯಲ್ಲಿ ಕೋಸು, ಆಲೂಗಡ್ಡೆ. ಬೇಜಾರಾದರೆ ಆಲೂಗಡ್ಡೆ, ಕೋಸು. ಮಾಂಸ ಮುಟ್ಟದ ಹೆಂಡತಿ ರೋಸಿಹೋಗಿದ್ದಳು. ಮಗುವನ್ನು ಕರೆದುಕೊಂಡು ಮೈಸೂರಿಗೆ ಹೋಗುತ್ತೇನೆ, ಮತ್ತೆ ಬರುವುದಿಲ್ಲ ಎಂದು ಹೇಳಿಯಾಗಿತ್ತು. ಅಂಥದ್ದರಲ್ಲಿ ಮೇ ತಿಂಗಳ ಒಂದು ದಿನ ಅಂಗಡಿಯಲ್ಲಿ ಪಾಲಕ್ ಸೊಪ್ಪು ರಾಶಿ ಬಿದ್ದಿತ್ತು. ಕ್ಯೂ ಕೂಡ ಇರಲಿಲ್ಲವಂತೆ. ಅವಳು ಎರಡು ಚೀಲ ತುಂಬಿಕೊಂಡು ಬಂದಳು.

ಅದೇ ದಿನ ಬೆಳಿಗ್ಗೆ ಲ್ಯಾಬಿನ ಹಿರಿಯ ಸಹೋದ್ಯೋಗಿಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದಿದ್ದರು. ಮನೆಯಲ್ಲಿ ಗುಟ್ಟಾಗಿ ಪಶ್ಚಿಮದ ಟಿವಿ ನೋಡುತ್ತಿದ್ದ ಮನುಷ್ಯ. "ವಿಕಿರಣಕ್ಕೆ ಹೆದರಿ ಪಶ್ಚಿಮದವರು ಬೇಡವೆಂದ ಸೊಪ್ಪು ಇಲ್ಲಿಗೆ ಬಂದಿದೆ. ಮಗುವಿಗೆ ಕೊಡಬೇಡಿ, ವಿಕಿರಣ ಥೈರಾಯ್ಡಿಗೆ ಹೋಗಿ ಕೂರುತ್ತದೆ. ಕೊಡಲೇಬೇಕೆಂದರೆ ಬೇಯಿಸಿದ ನೀರನ್ನಾದರೂ ಚೆಲ್ಲಿ" ಎಂದು ತಗ್ಗಿದ ದನಿಯಲ್ಲಿ ಹೇಳಿ ಹೊರಟುಹೋದರು.

ಸಂಜೆ ಮನೆಗೆ ಬಂದರೆ ಊರಿಂದ ತಂದಿದ್ದ ತೊಗರಿಬೇಳೆಯ ಕೊನೆಯ ಡಬ್ಬಿ ಹೊರಗೆ ಬಂದಿತ್ತು. ಹೆಂಡತಿ ಎಷ್ಟೋ ತಿಂಗಳ ಮೇಲೆ ಏನನ್ನೋ ಗುನುಗುತ್ತ ಸೊಪ್ಪು ಬಸಿಯುತ್ತಿದ್ದಳು.

"ರೀ, ಇಷ್ಟು ಸೊಪ್ಪು ಸಿಗೋದಾದ್ರೆ ಇಲ್ಲೇ ಇದ್ದುಬಿಡ್ಬೋದು" ಎಂದಳು.

ಸಹೋದ್ಯೋಗಿ ಹೇಳಿದ್ದನ್ನು ನಾನು ಅವಳಿಗೆ ಹೇಳಲಿಲ್ಲ. ಭೌತಶಾಸ್ತ್ರ ಓದಿದವನಲ್ಲವೇ, ಇಷ್ಟರಿಂದ ಏನೂ ಆಗದು ಎಂದು ತಲೆಯಲ್ಲೇ ತೀರ್ಮಾನಿಸಿದೆ. ಅದು ಬರೀ ನೆಪ. ಹೇಳಿದರೆ ಮರುದಿನವೇ ಇವಳು ಪೆಟ್ಟಿಗೆ ಕಟ್ಟುತ್ತಾಳೆ ಎಂಬ ಹೆದರಿಕೆ ನನಗೆ. ಮಗಳು ಲೋಟದಲ್ಲಿ ತಿಳಿಸಾರು ಕುಡಿದು ಇನ್ನೂ ಬೇಕು ಎಂದಳು. ನಾನೇ ಬಗ್ಗಿಸಿ ಕೊಟ್ಟೆ. ಆ ಸೊಪ್ಪು ಸಿಗುವಷ್ಟು ದಿನವೂ ನಮ್ಮ ಮನೆಯಲ್ಲಿ ಬಸ್ಸಾರು.

ಹೋದ ವರ್ಷ, ಈಗ ಹ್ಯಾಂಬರ್ಗಿನಲ್ಲಿರುವ ಆ ಮಗಳ ಥೈರಾಯ್ಡಿನಲ್ಲಿ ಗಂಟು ಕಂಡಿತು. ಕ್ಯಾನ್ಸರ್ ಎಂದರು. ಆಪರೇಷನ್ನಿಗೆ ಮುಂಚೆ ನಾವಿಬ್ಬರೂ ಅವಳ ಜೊತೆ ಡಾಕ್ಟರ ಬಳಿಗೆ ಹೋಗಿದ್ದೆವು. ಮನೆತನದಲ್ಲಿ ಯಾರಿಗಾದರೂ ಇತ್ತೇ ಎಂದು ಡಾಕ್ಟರು ಕೇಳಿದರು. ತನ್ನ ತಾಯಿಗೆ ಕುತ್ತಿಗೆಯಲ್ಲಿ ಗಡ್ಡೆ ಇತ್ತು ಎಂದು ಹೆಂಡತಿ ತಕ್ಷಣ ಹೇಳಿದಳು. ಚಿಕ್ಕಂದಿನಲ್ಲಿ ವಿಕಿರಣ ಏನಾದರೂ ತಗುಲಿತ್ತೇ ಎಂಬುದು ಮುಂದಿನ ಪ್ರಶ್ನೆ. ಮಗಳು ನನ್ನ ಮುಖ ನೋಡಿದಳು. ನಾನು ಇಲ್ಲವೆಂದು ತಲೆಯಾಡಿಸಿದೆ. ನಲವತ್ತು ವರ್ಷದ ಹಿಂದಿನದ್ದು ಹೆದರಿಕೆ ಎನ್ನೋಣ, ಇದಕ್ಕೆ ಹೇಡಿತನ ಎನ್ನದೆ ಬೇರೆ ಹೆಸರಿಲ್ಲ.

ಆಪರೇಷನ್ ಚೆನ್ನಾಗಿಯೇ ಆಯಿತು. ಇನ್ನು ಬದುಕಿರುವಷ್ಟು ದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಮಾತ್ರೆ. ನನ್ನ ಹೆಂಡತಿ ಮಾತ್ರ ದೇವರ ಗೂಡಿನ ಪಕ್ಕದ ತನ್ನ ತಾಯಿಯ ಫೋಟೋಗೆ ಹೂವಿಡುವುದನ್ನು ನಿಲ್ಲಿಸಿದಳು. "ಮೊಮ್ಮಗಳಿಗೆ ಕೊಡೋಕೆ ಬೇರೇನೂ ಸಿಗ್ಲಿಲ್ವಾ ನಿಂಗೆ?" ಎಂದು ಫೋಟೋದೊಂದಿಗೆ ಜಗಳವಾಡುವಳು. ನಾನು ಕೇಳಿಯೂ ಕೇಳದವನಂತೆ ಇರುತ್ತಿದ್ದೆ.

ಕಳೆದ ತಿಂಗಳು ಮಗಳು ಬಂದಿದ್ದಳು. ಅವಳಿಗೆ ಇಷ್ಟವೆಂದು ಹೆಂಡತಿ ಪಾಲಕ್ ಬೇಯಿಸಿದಳು. ಬಸಿದ ನೀರು ಪಾತ್ರೆಗೆ ಇಳಿಯುವುದನ್ನು ನೋಡುತ್ತ ಅಡುಗೆಮನೆಯ ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿಬಿಟ್ಟೆ. ಸಹೋದ್ಯೋಗಿ ಹೇಳಿದ್ದು, ನಾನು ನುಂಗಿಕೊಂಡದ್ದು, ಡಾಕ್ಟರ ಮುಂದೆ ತಲೆಯಾಡಿಸಿದ್ದು.

ಅದರಿಂದಲೇ ಬಂತಾ ಎಂದು ಮಗಳು ಜರ್ಮನ್‌ನಲ್ಲಿ ಕೇಳಿದಳು. ಗೊತ್ತಿಲ್ಲ, ಯಾರೂ ಖಚಿತವಾಗಿ ಹೇಳಲಾರರು ಎಂದೆ. ಅದು ನಿಜವೇ, ಆದರೂ ಮಾತು ನನ್ನ ಬಾಯಲ್ಲಿ ಜಾರಿಕೊಳ್ಳುವವನ ಮಾತಿನಂತೆಯೇ ಕೇಳಿಸಿತು. ಡಾಕ್ಟರಿಗೆ ನಾಳೆಯೇ ತಿಳಿಸುತ್ತೇನೆ ಎಂದಷ್ಟೇ ಹೇಳಿ ಅವಳು ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲಿಟ್ಟಳು.

ಹೆಂಡತಿ ಒಲೆ ಆರಿಸಿದಳು. ಒದ್ದೆ ಕೈಯಲ್ಲೇ ಹೋಗಿ ತಾಯಿಯ ಫೋಟೋ ಇಳಿಸಿ, ಗಾಜಿನ ಧೂಳನ್ನು ಸೆರಗಿನಿಂದ ಒರೆಸತೊಡಗಿದಳು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಒಂದು ವರ್ಷ ನಮ್ಮಮ್ಮನ್ನ ಬೈದಿದೀನಿ" ಎಂದಳು, ನನ್ನ ಕಡೆ ತಿರುಗದೆ. "ನೀವು ಪಕ್ಕದಲ್ಲೇ ಕೂತು ಪೇಪರ್ ಓದ್ತಿದ್ರಿ."