ದೋನ್ಯಾ ಕಾಸಿಮೀರಾ ಹನ್ನೊಂದನೇ ಪುಟದಿಂದ ಎದ್ದು ಬಂದದ್ದು

ಬೆಟ್ಟದ ನೆತ್ತಿಯ ಮೇಲಿರುವ ನಮ್ಮೂರು ಎಲ್ ಆಲ್ಟೊದಲ್ಲಿ ನೀರು ಬಿಸಿಯಾಗುವ ಮೊದಲೇ ಕುದಿಯುತ್ತದೆ, ನನ್ನ ಭಾವಮೈದುನನ ಹಾಗೆ. ಇಷ್ಟು ಎತ್ತರದಲ್ಲಿ ಗಾಳಿಯೇ ತೆಳು. ತೆರೆದ ಪಾತ್ರೆಯಲ್ಲಿ ಕಡಲೆ ಬೇಯಲಿಟ್ಟು ಹೋದವನು ಮಗಳ ಮದುವೆ, ಮೊಮ್ಮಗನ ನಾಮಕರಣ ಎರಡನ್ನೂ ಮುಗಿಸಿ ಬಂದು ನೋಡಿದರೂ ಅದು ಕಟಕಟ ಅನ್ನುತ್ತಲೇ ಇರುತ್ತದೆ. ಹಾಗಾಗಿ ಇಲ್ಲಿ ಗಂಡನಿಲ್ಲದ ಮನೆ ಉಂಟು, ಕುಕ್ಕರಿಲ್ಲದ ಮನೆ ಇಲ್ಲ.

ಆ ಕುಕ್ಕರ್ ಕೆಟ್ಟರೆ ಇರುವವಳು ಕಾಸಿಮೀರಾ ತಿಕೋನಾ, ಎಲ್ಲರ ಬಾಯಲ್ಲೂ ದೋನ್ಯಾ, ಅಂದರೆ ಅಮ್ಮಾವ್ರು. ಸಂತೆಯಲ್ಲಿ ನನ್ನ ಬೀಗದ ಅಂಗಡಿಗೆ ತಾಗಿಕೊಂಡೇ ಇಪ್ಪತ್ತೆರಡು ವರ್ಷದಿಂದ ಅವಳ ರಿಪೇರಿ ಅಂಗಡಿ. ಸೀಟಿಯ ಸದ್ದು ಕೇಳಿಯೇ ಒಳಗೇನು ಬೇಯುತ್ತಿದೆ, ಮನೆಯೊಡತಿಗೆ ಗಂಡನ ಮೇಲೆ ಎಷ್ಟು ಸಿಟ್ಟಿದೆ ಎಂದು ಹೇಳಬಲ್ಲವಳು.

ಸಂತೆಯ ಸಂಘದವರು ನಮ್ಮ ಸಾಲನ್ನು ಟೈರ್ ಅಂಗಡಿಗಳ ಹಿಂದಕ್ಕೆ ತಳ್ಳಿದ ಮೇಲೆ ದೆವ್ವಗಳೂ ದಾರಿ ತಪ್ಪತೊಡಗಿದವು. ಗಿರಾಕಿಗಳು ಫೋನಿನಲ್ಲಿ ಹುಡುಕಿಯೇ ಬರಬೇಕು. ಅದಕ್ಕೆಂದು ಕಾಸಿಮೀರಾ ಒಂದು ವೆಬ್‌ಸೈಟ್ ಮಾಡಿಸಿದ್ದಳು. ಯಾವ ಕಾಳಿಗೆ ಎಷ್ಟು ನಿಮಿಷ, ಯಾವ ಸದ್ದಿಗೆ ಯಾವ ರೋಗ ಎಂದು ಹತ್ತು ಪುಟ, ಕೆಳಗೆ ಅಂಗಡಿಯ ದಾರಿ. ಹುಡುಕಿದವರಿಗೆ ಅದು ಮೊದಲಿಗೇ ಕಂಡರೆ ಅಂಗಡಿ ಉಳಿಯುತ್ತದೆ, ಇಲ್ಲವಾದರೆ ಬಾಗಿಲು ಹಾಕುವುದೇ.

ಆಗ ಬಂದ, ಎಡ್ಸನ್ ಪೋಮಾ. ಹುಡುಕಾಟದಲ್ಲಿ ವೆಬ್‌ಸೈಟುಗಳನ್ನು ಮೇಲೆತ್ತುವುದೇ ಅವನ ಕಸುಬು.

"ಹತ್ತು ಪುಟ ಎಲ್ಲಿಗೆ ಸಾಕು ದೋನ್ಯಾ? ಮುನ್ನೂರು ಬೇಕು. ಹುಡುಕೋ ಯಂತ್ರಕ್ಕೆ ಹೊಟ್ಟೆ ದೊಡ್ಡದು."

"ಯಾರಪ್ಪಾ ಬರೀತಾರೆ ಅಷ್ಟು?"

"ಅದು ನನಗೆ ಬಿಡಿ."

ಅವನು ಸಮುದ್ರ ತೀರದ ಊರುಗಳ ಅಡುಗೆ ಸೈಟುಗಳಿಂದ ಬರಹಗಳನ್ನು ಇದ್ದ ಹಾಗೇ ಎತ್ತಿ ತಂದು ಸುರಿದ. ಸಾಲು ಸಾಲಿಗೂ 'ಎಲ್ ಆಲ್ಟೊದ ಅತ್ಯುತ್ತಮ ಕುಕ್ಕರ್ ರಿಪೇರಿ' ಎಂದು ತುರುಕಿದ. ಗಿಳಿ ಓದಿದ್ದರೆ ನಾಚಿ ಮೌನವ್ರತ ಹಿಡಿಯುತ್ತಿತ್ತು. ಕಾಸಿಮೀರಾ ಓದಲೇ ಇಲ್ಲ. ಎರಡು ತಿಂಗಳು ಸೈಟು ಎಲ್ಲರಿಗಿಂತ ಮೇಲಿತ್ತು. ಓದುವ ಗರಜು ಯಾರಿಗೆ?

ಆಮೇಲೆ ಒಂದು ಗುರುವಾರ ಹುಡುಕುವ ಯಂತ್ರದವರು ತಮ್ಮ ಲೆಕ್ಕಾಚಾರ ಬದಲಿಸಿದರು. ಅಪ್‌ಡೇಟ್ ಅಂತೆ. ಬೆಳಿಗ್ಗೆ ಹುಡುಕಾಟದ ಫಲಿತಾಂಶದ ಮೊದಲ ಪುಟದಲ್ಲಿದ್ದವಳು ಮಧ್ಯಾಹ್ನಕ್ಕೆ ಹನ್ನೊಂದನೆಯದರಲ್ಲಿದ್ದಳು. ಹನ್ನೊಂದನೇ ಪುಟಕ್ಕೆ ಮನುಷ್ಯ ಕಾಲಿಟ್ಟ ದಾಖಲೆ ಇಲ್ಲ.

ಅದೇ ವಾರ ದಪ್ಪ ಹೆಂಗಸೊಬ್ಬಳು ಪಾತ್ರೆ ಹೊತ್ತು ಬಂದಳು. ಕುಕ್ಕಿದ ಸದ್ದಿಗೆ ನನ್ನ ಬೀಗಗಳೆಲ್ಲ ತಾವಾಗಿ ತೆರೆದುಕೊಂಡವು.

"ತಗೋ ಅಂಗಡಿಯಮ್ಮಾ, ತಿನ್ನು!"

ಕಾಸಿಮೀರಾ ಒಂದು ಜೋಳದ ಕಾಳು ಬಾಯಿಗೆ ಹಾಕಿ, ಮೆಲ್ಲಗೆ ಹೊರಗೆ ತೆಗೆದಳು. "ಎಷ್ಟು ಹೊತ್ತು ಬೇಯಿಸ್ದೆ?"

"ತೆರೆದ ಪಾತ್ರೇಲಿ ಒಂದೂವರೆ ಗಂಟೆ. ಮದುವೆ ಮನೇಲಿ ಎಂಬತ್ತು ಜನ ನನ್ನ ಮುಖ ನೋಡಿದ್ರು!"

"ಇಲ್ಲಿ ಒಂದೂವರೆ ಗಂಟೇಗೆ? ಯಾವ ಕತ್ತೆ ಹೇಳ್ತು?"

"ನೀನೇ ಕಣಮ್ಮಾ. ನಿನ್ನ ಸೈಟಲ್ಲೇ, ಫೋಟೊ ಸಮೇತ."

ಕಾಸಿಮೀರಾಳ ಮುಖ ನೋಡಿ ನನಗೂ ನಗು ಬರಲಿಲ್ಲ. ಆ ಹೆಂಗಸಿಗೊಂದು ಹೊಸ ಗ್ಯಾಸ್ಕೆಟ್ ಕೈಗಿತ್ತು ಕಳಿಸಿ, ಎಡ್ಸನ್‌ನನ್ನು ಕರೆಸಿದಳು.

"ನೀನು ತಂದು ಹಾಕಿದ್ದೆಲ್ಲಾ ಅಳಿಸು."

"ಅಳಿಸಿದ್ರೆ ಹನ್ನೊಂದ್ರಲ್ಲೂ ಇರಲ್ಲ ನೀವು! ಇನ್ನೂ ಮುನ್ನೂರು ಹಾಕೋಣ."

"ಅಂಗಡಿ ಮುಚ್ಚಿದ್ರೂ ಸರಿ. ನನ್ನ ಹೆಸರಲ್ಲಿ ಬೇಯದ ಜೋಳ ಇರಬಾರದು."

ಮರುದಿನದಿಂದ ಅಂಗಡಿಯೇ ಅಡುಗೆಮನೆ. ಜೋಳ, ಕಡಲೆ, ಒಣಗಿಸಿದ ಆಲೂಗಡ್ಡೆ, ಮುದಿ ಕುರಿ, ಒಂದೊಂದನ್ನೂ ತಾನೇ ಬೇಯಿಸಿ, ಗಡಿಯಾರ ನೋಡಿ ಬರೆದಳು. ತಳ ಹಿಡಿದದ್ದರ ಫೋಟೊ, ಸೀಟಿ ಹಾರಿ ತಗಡಿನ ಛಾವಣಿ ತೂತಾದದ್ದರ ಫೋಟೊ, ಎಲ್ಲವನ್ನೂ ಹಾಕಿದಳು. ಮೊದಲು ತಪ್ಪಾಗಿ ಬರೆದಿದ್ದೆ, ಕ್ಷಮಿಸಿ ಎಂದೂ ಬರೆದಳು. ಬೆಂದದ್ದನ್ನು ತಿನ್ನುವ ಜವಾಬ್ದಾರಿ ನಮ್ಮ ಸಾಲಿನದು. ಆರು ತಿಂಗಳು ಕಡಲೆ ತಿಂದೆವು. ನಮ್ಮ ಓಣಿಯ ಗಾಳಿ ಮೊದಲ ಬಾರಿಗೆ ದಪ್ಪವಾಯಿತು.

ಗಿರಾಕಿ ಮಾತ್ರ ವಾರಕ್ಕೆ ಇಬ್ಬರು. ಅವರಲ್ಲೊಬ್ಬ ದಾರಿ ಕೇಳಲು ಬಂದವನು. "ಡಿಸೆಂಬರ್‌ವರೆಗೆ ನೋಡ್ತೀನಿ ದೋನ್ ಸೆವೆರೋ," ಎಂದಳು ನನಗೆ. "ಆಮೇಲೆ ಈ ಜಾಗಾನೂ ನೀವೇ ಇಟ್ಕೊಳ್ಳಿ." ಅವಳು ಜಾಗ ಬಿಟ್ಟುಕೊಡುವುದೆಂದರೆ ಬೆಟ್ಟ ಬಾಡಿಗೆಗೆ ಸಿಕ್ಕ ಹಾಗೆ.

ನವೆಂಬರಿನಲ್ಲಿ ಲೆಕ್ಕಾಚಾರ ಮತ್ತೆ ಬದಲಾಯಿತು. ಭಾನುವಾರ ಅಂಗಡಿ ತೆರೆಯಲು ಬಂದರೆ ಕಾಲಿಡಲು ಜಾಗವಿಲ್ಲ! ಕಂಕುಳಲ್ಲಿ ಕುಕ್ಕರ್, ತಲೆಯ ಮೇಲೆ ಕುಕ್ಕರ್, ಮಗುವಿನ ಬದಲು ಬೆನ್ನಿಗೆ ಕಟ್ಟಿದ ಕುಕ್ಕರ್. ಸಾಲಿನ ಬಾಲ ವಿಮಾನ ನಿಲ್ದಾಣದ ಓಡುದಾರಿಯಲ್ಲಿತ್ತು. ಇಳಿಯಲಾಗದೆ ಎರಡು ವಿಮಾನ ಸುತ್ತು ಹಾಕಿದವು. ಆಯ್ತು, ನಂಬದಿದ್ದರೆ ಒಂದೇ ಅನ್ನಿ.

ಎಡ್ಸನ್ ಓಡಿ ಬಂದ, ಉಸಿರಿಲ್ಲ. "ದೋನ್ಯಾ, ಮೊದಲ್ನೇ ಪುಟ! ಮೊದಲ್ನೇ ಹೆಸರು! ಸ್ವಂತ ಮಾಡಿ ನೋಡಿ ಬರೆದವರನ್ನ ಮೇಲಕ್ಕೆ ಎತ್ತುತ್ತಂತೆ ಈಗ!"

"ಅಷ್ಟು ಕಲಿಯೋಕೆ ನಿಮ್ಮ ಯಂತ್ರಕ್ಕೆ ಇಷ್ಟು ದಿನ ಬೇಕಾಯ್ತಾ? ಮುದಿ ಕುರಿಗಿಂತ ಕಷ್ಟ ಅದು ಬೇಯೋದು."

ಪಕ್ಕದ ಹಿಟ್ಟಿನಂಗಡಿಯವಳು ಓಡಿ ಬಂದು ನಮ್ಮಲ್ಲಿ ಶುಭಕ್ಕೆಂದು ಎರಚುವ ಬಣ್ಣದ ಕಾಗದದ ಚೂರುಗಳನ್ನು ಹಿಡಿ ಹಿಡಿಯಾಗಿ ಅವಳ ತಲೆಗೆ ಸುರಿದಳು. ಟೈರಿನವರು ಸೀಟಿ ಹೊಡೆದರು. ನಾನು ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿ ಅಂಗಡಿ ಬಿಟ್ಟು ಕುಣಿದೆ, ಮಂಡಿಯ ಅನುಮತಿ ಇಲ್ಲದೆಯೇ.

ಕಾಸಿಮೀರಾ ಟೋಪಿ ಕೊಡವಿ, ಸ್ಪ್ಯಾನರ್ ಎತ್ತಿ ಗದರಿದಳು: "ಸಾಕು ಸಾಕು! ಕಾಗದ ಗ್ಯಾಸ್ಕೆಟ್ಟಿಗೆ ಸಿಕ್ಕಿದ್ರೆ ಸೀಟಿ ಕೂಗಲ್ಲ! ಯಾರ್ರೀ ಮೊದಲು ಬಂದೋರು?"

ನೂರು ಕುಕ್ಕರ್ ಒಟ್ಟಿಗೆ ಮೇಲೆದ್ದವು.